ಏಳನೆಯ ಅಧ್ಯಾಯದ ತಲೆಬರಹ

ಬೆಳಿಗ್ಗೆ ವೀಬ್ಕೆ ಕಂಪ್ಯೂಟರ್ ತೆರೆದಳು. ಏಳನೆಯ ಅಧ್ಯಾಯದ ತಲೆಬರಹ ಮತ್ತೆ ಸಡಿಲವಾಗಿತ್ತು. ಆ ಗಿಡ್ಡ ಕ್ಯಾಪಿಟಲ್ ಅಕ್ಷರಗಳ ನಡುವಿನ ಸಂದುಗಳನ್ನು ನಿನ್ನೆ ಸಂಜೆ ತಾನೇ ಬಿಗಿಮಾಡಿ ಹೋಗಿದ್ದಳು. ಮೊನ್ನೆಯೂ ಅಷ್ಟೆ.

ಲೈಪ್‌ಜಿಗ್‌ನ ಆ ಪುಟವಿನ್ಯಾಸದ ಕಚೇರಿಯಲ್ಲಿ ಅವಳಿಗೆ ಕೆಲಸ ಕಲಿಸಿದವರು ಕ್ವಾಂಟ್ ಮೇಷ್ಟ್ರು. ಪುಟವನ್ನು ತಲೆಕೆಳಗಾಗಿ ಹಿಡಿದು, ಸಣ್ಣಗೆ ಗುನುಗುತ್ತ ನೋಡುವುದು ಅವರ ಪದ್ಧತಿ. ತಲೆಕೆಳಗಾದರೆ ಕಣ್ಣು ಪದವನ್ನು ಓದುವುದಿಲ್ಲ, ಸಂದನ್ನಷ್ಟೇ ಕಾಣುತ್ತದೆ. ಗುನುಗು ತಡವರಿಸಿದಲ್ಲಿ ಸಂದು ತಪ್ಪಿದೆ ಎಂದು ಲೆಕ್ಕ. ಈ ಪುಸ್ತಕದ ಏಳನೆಯ ಅಧ್ಯಾಯ ಮುಗಿಸಿದ ವಾರವೇ ಅವರು ತೀರಿಕೊಂಡರು. ಐದನೆಯದರಿಂದಲೇ ತಲೆಬರಹಗಳ ಸಂದುಗಳು ಅಗಲವಾಗುತ್ತ ಬಂದಿದ್ದವು. ಕಣ್ಣು ಮಂಜಾಗುತ್ತಿದೆಯೆಂದು ಯಾರಿಗೂ ಬಾಯಿಬಿಟ್ಟಿರಲಿಲ್ಲ, ಹಟಮಾರಿ ಮುದುಕ. ಉಳಿದ ಅಧ್ಯಾಯಗಳು ವೀಬ್ಕೆಯ ಪಾಲಿಗೆ ಬಂದವು. ಮೇಷ್ಟ್ರು ಎಲ್ಲಿ ನಿಂತುಹೋದರು ಎಂಬುದು ಪುಸ್ತಕದಲ್ಲಿ ಕಾಣಬಾರದು, ಅವಳಿಗೆ ಅದೊಂದೇ ಹಂಬಲ.

ಐದು, ಆರು, ಏಳರ ತಲೆಬರಹಗಳನ್ನು ಬಿಗಿಮಾಡಲು ಹೇಳಿದವರು ಕಚೇರಿಯ ಒಡತಿ ಫ್ರಾವ್ ಲ್ಯೂಡರ್ಸ್. ಏಳನೆಯದು ರಾತ್ರಿ ಕಳೆಯುವುದರಲ್ಲಿ ತಾನಾಗಿ ಸಡಿಲವಾಗುತ್ತಿದೆ ಎಂದು ವೀಬ್ಕೆ ಹೇಳಿದಾಗ ಅವರು ನಕ್ಕರು. “ದೆವ್ವಕ್ಕೆ ನಮ್ಮ ಪಾಸ್‌ವರ್ಡ್ ಯಾರೇ ಕೊಟ್ಟೋರು? ಸೇವ್ ಮಾಡೋಕೆ ಮರೆತಿರ್ತೀಯ. ಮತ್ತೆ ಬಿಗಿ ಮಾಡು. ನಾಳೆ ಅಚ್ಚಿಗೆ ಹೋಗ್ಬೇಕು.”

ಮರುದಿನ ವೀಬ್ಕೆ ಎಲ್ಲರಿಗಿಂತ ಮುಂಚೆ ಬಂದಳು. ಬಾಗಿಲ ಹಿಂದೆ ಯಾರೋ ಗುನುಗುತ್ತಿದ್ದರು. ಮೇಷ್ಟ್ರ ಅದೇ ರಾಗ. ಜೀವ ಕೈಯಲ್ಲಿ ಹಿಡಿದುಕೊಂಡು ಬಾಗಿಲು ತಳ್ಳಿದಳು.

ಮೇಷ್ಟ್ರ ಕುರ್ಚಿಯಲ್ಲಿ ಫ್ರಾವ್ ಲ್ಯೂಡರ್ಸ್ ಕೂತಿದ್ದರು. ಕೈಯಲ್ಲಿ ಏಳನೆಯ ಅಧ್ಯಾಯದ ಹಾಳೆ, ತಲೆಕೆಳಗಾಗಿ.

“ಹಾಗೆ ನೋಡ್ಬೇಡ ಕಣೇ,” ಎಂದರು. “ಕೊನೆಗೆ ಆ ಮನುಷ್ಯನ ಕಣ್ಣಿಗೆ ಇಷ್ಟು ಸಡಿಲ ಇದ್ರೇನೇ ಸರಿ ಕಾಣ್ತಿತ್ತು. ಸರಿಮಾಡು ಅಂತ ನಾನೇ ಹೇಳ್ತೀನಿ, ಬೆಳಗಾದ್ರೆ ಮನಸ್ಸು ತಡೀದೆ ನಾನೇ ಬಂದು ಮತ್ತೆ ಸಡಿಲ ಮಾಡಿಬಿಡ್ತೀನಿ.”

ವೀಬ್ಕೆಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಪರದೆಯ ಮೇಲಿನ ಪುಟಗಳನ್ನು ಹಿಂದಕ್ಕೆ ಸರಿಸಿದಳು. “ಅದಕ್ಕೇ ಇವತ್ತು ಐದು, ಆರನ್ನೂ ಸಡಿಲ ಮಾಡಿಬಿಟ್ರಾ?”

“ಐದು, ಆರಾ?” ಲ್ಯೂಡರ್ಸ್ ಬಗ್ಗಿ ನೋಡಿದರು. “ಅವನ್ನ ನಾನು ಮುಟ್ಟೇ ಇಲ್ವಲ್ಲ.”

ಲ್ಯೂಡರ್ಸ್ ಕುರ್ಚಿಯಿಂದ ಮೆಲ್ಲಗೆ ಎದ್ದರು. ವೀಬ್ಕೆ ಅಲ್ಲಿ ಕೂತಳು. ಮೇಷ್ಟ್ರ ಅಧ್ಯಾಯಗಳನ್ನು ಮುಟ್ಟದೆ, ತನ್ನ ಎಂಟನೆಯದರ ತಲೆಬರಹವನ್ನು ಏಳರಷ್ಟೇ ಸಡಿಲ ಮಾಡಿದಳು. ಒಂಬತ್ತನ್ನು ಎಂಟಕ್ಕಿಂತ ಕೂದಲೆಳೆಯಷ್ಟು ಬಿಗಿಯಾಗಿಟ್ಟಳು, ಹತ್ತನ್ನು ಇನ್ನಷ್ಟು. ಹಾಳೆಗಳನ್ನು ಮುದ್ರಿಸಿ, ತಲೆಕೆಳಗಾಗಿ ಹಿಡಿದು ಗುನುಗತೊಡಗಿದಳು. ಹಿಂದೆ ನಿಂತ ಲ್ಯೂಡರ್ಸ್ ದನಿಗೂಡಿಸಿದರು. ಗುನುಗು ಏಳರಿಂದ ಎಂಟಕ್ಕೆ ಎಲ್ಲೂ ತಡವರಿಸದೆ ದಾಟಿತು.