ಟಿಕೆಟ್ ಕೋಣೆಯ ಆಣೆದೀಪ

ನಾನು ಒಂದು ಹಿತ್ತಾಳೆ ದೀಪ. ಮೊಳದೆತ್ತರದ ಮೈ, ತಲೆಯ ಮೇಲೆ ಐದು ಬತ್ತಿಯ ಬಟ್ಟಲು. ನಾಗಮಂಗಲದ ಪುಟ್ಟಾಚಾರ್ ಎಂಬುವರು ನನ್ನನ್ನು ಎರಕ ಹೊಯ್ದರು. ಕಾದ ಲೋಹ ಅಚ್ಚಿಗೆ ಇಳಿಯುವಾಗಲೇ ನಾನು ಹೆದರಿದ್ದೆ. ಬೆಂಕಿ ಹೊರುವುದೇ ಕಸುಬಾದ ದೀಪಕ್ಕೆ ಬೆಂಕಿಯ ಭಯವೇ ಎಂದು ನಗಬೇಡಿ. ಹುಟ್ಟಿನಿಂದಲೇ ನನ್ನದು ಪುಕ್ಕಲು ಜೀವ.

ನನ್ನನ್ನು ಕೊಂಡವರು ಕೆಂಪೀರೇಗೌಡರು. ಅವರ ದೇವರ ಕೋಣೆಯಲ್ಲಿ ಕೆಲವು ವರ್ಷ ಸುಖವಾಗಿದ್ದೆ. ಒಂದು ದಿನ ಗೌಡರ ತಮ್ಮ, ಗದ್ದೆಯ ಬದುವಿನ ಜಗಳದಲ್ಲಿ, ನನ್ನನ್ನು ಮುಟ್ಟಿ ಸುಳ್ಳು ಆಣೆ ಮಾಡಿದ. ಅದೇ ವರ್ಷ ಅವನ ಮಗು ಬಾವಿಗೆ ಬಿದ್ದು ತೀರಿಹೋಯಿತು. ಆ ಬಾವಿಗೆ ಕಟ್ಟೆಯೇ ಇರಲಿಲ್ಲ. ಆದರೂ ಮನೆಯವರೆಲ್ಲ ತಿರುಗಿ ನೋಡಿದ್ದು ನನ್ನನ್ನು. ನಾನೇ ಕೊಂದೆನೇನೋ ಎಂಬ ಭಯ ಅಂದು ನನ್ನೊಳಗೆ ಹೊಕ್ಕಿತು. ಯಾರ ಕೈ ನನ್ನತ್ತ ಬಂದರೂ ನಡುಕ.

ಇಂಥ ದೀಪ ಮನೆಯಲ್ಲಿ ಬೇಡವೆಂದು ಹೆಂಗಸರು ಹಟ ಹಿಡಿದರು. ಗೌಡರು ಆಗ ತಮ್ಮ ಪಕ್ಷದ ಜಿಲ್ಲಾಧ್ಯಕ್ಷರು. ಮನೆಗೆ ಬೇಡವಾದದ್ದು ಪಕ್ಷಕ್ಕಾದರೂ ಆದೀತು ಎಂದು ನನ್ನನ್ನು ಕಚೇರಿಗೆ ಸಾಗಿಸಿದರು. ಅಲ್ಲಿ ಸಮಾರಂಭದ ದಿನ ಬತ್ತಿ ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಯಾರೂ ಮುಟ್ಟಿ ಮಾತು ಕೊಡುತ್ತಿರಲಿಲ್ಲ. ಅದೇ ನನಗೆ ನೆಮ್ಮದಿ.

ಅಷ್ಟರಲ್ಲಿ ವಿಧಾನಸಭೆ ಚುನಾವಣೆ ಬಂತು. ಹಿಂದಿನ ಸಲ ಟಿಕೆಟ್ ಸಿಗದವನೊಬ್ಬ ಬಂಡಾಯ ನಿಂತು ಪಕ್ಷವನ್ನೇ ಸೋಲಿಸಿದ್ದ. ಅದಕ್ಕೆ ಗೌಡರು ಹೊಸ ಕಟ್ಟಳೆ ತಂದರು. ಟಿಕೆಟ್ ಕೇಳುವವರೆಲ್ಲ ಸಮಿತಿಯ ಎದುರು ದೀಪ ಮುಟ್ಟಿ, ಟಿಕೆಟ್ ಯಾರಿಗೇ ಆಗಲಿ ಅವರ ಗೆಲುವಿಗೆ ದುಡಿಯುತ್ತೇನೆ ಎಂದು ಮಕ್ಕಳ ಮೇಲೆ ಆಣೆ ಮಾಡಬೇಕು. ತಮ್ಮ ಮನೆಯಿಂದ ಓಡಿಸಿದ ನನ್ನನ್ನೇ ಒರೆಸಿ, ಎಣ್ಣೆ ಹಾಕಿಸಿ, ಮೇಜಿನ ಮೇಲೆ ಇಟ್ಟರು. ಹೆದರಿದವರ ಮೇಲೆ ಹಾವು ಎಸೆದ ಹಾಗಾಯಿತು.

ಒಬ್ಬರಾದ ಮೇಲೊಬ್ಬರು ಒಳಗೆ ಬಂದರು. ನಿಮ್ಮ ಜನದ ಓಟು ಎಷ್ಟಿದೆ, ಖರ್ಚಿಗೆ ಶಕ್ತಿ ಇದೆಯೇ, ಕೇಸುಗಳಿವೆಯೇ ಎಂದು ಸಮಿತಿಯವರು ಕೇಳಿದರು. ಆಮೇಲೆ ಆಣೆ. ಬಸ್ ಮಾಲೀಕ ಪಾಲಾಕ್ಷಯ್ಯ ಮೊಬೈಲಿನಲ್ಲಿ ಮಾತಾಡುತ್ತಲೇ ಎರಡು ಬೆರಳು ತಾಗಿಸಿದ. ಕಲ್ಲಿನ ಕ್ರಷರ್ ನಡೆಸುವ ಮರಿಗಂಗಯ್ಯ ಎರಡೂ ಕೈಯಲ್ಲಿ ನನ್ನ ಬುಡ ಹಿಡಿದ. ಅವನ ಕೈ ತಣ್ಣಗಿತ್ತು. ಅವನ ಮಕ್ಕಳನ್ನು ನೆನೆದು ನಾನೇ ನಡುಗಿದೆ.

ಕೊನೆಗೆ ಬಂದವಳು ಚೆನ್ನಾಜಮ್ಮ, ತಾಲೂಕು ಪಂಚಾಯಿತಿಗೆ ಎರಡು ಸಲ ಗೆದ್ದವಳು. ಅವಳು ಕೇಳುತ್ತಿದ್ದದ್ದೂ ಮರಿಗಂಗಯ್ಯ ಕೇಳಿದ ಕ್ಷೇತ್ರವನ್ನೇ. ಅವನ ಕ್ರಷರಿನಲ್ಲಿ ಸಿಡಿದ ಕಲ್ಲು ಬಡಿದು ಅವಳ ತಮ್ಮ ಸತ್ತಿದ್ದ. ಕೇಸು ಮುಚ್ಚಿಹೋಗಿತ್ತು. ಶಾಸಕಿಯಾಗಿ ಆ ಕ್ರಷರ್ ನಿಲ್ಲಿಸಬೇಕು, ಅದೊಂದೇ ಅವಳ ಆಸೆ.

ಗೌಡರು ನನ್ನನ್ನು ತೋರಿಸಿದರು. ಅವಳು ಕೈ ಚಾಚಲಿಲ್ಲ.

"ಬ್ಯಾರೆ ಯಾರಿಗ್ ಕೊಟ್ರೂ ದುಡೀತೀನಿ ಕಣಣ್ಣ. ಆವಯ್ಯಂಗ್ ಕೊಟ್ರೆ ನನ್ನಿಂದಾಗಕಿಲ್ಲ. ನಂಗಿರೋನು ಒಬ್ನೇ ಮಗ. ಅವನ ಮ್ಯಾಲೆ ಸುಳ್ಳಾಣೆ ಹೆಂಗಿಡ್ಲಿ?"

"ಎಲ್ರೂ ಇಟ್ಟವ್ರೆ ಕಣವ್ವ. ಬಾಯ್ಮಾತಿಗೆ ಅಂದ್ಬುಡು," ಎಂದರು ಗೌಡರು.

"ಬಾಯ್ಮಾತಾದ್ರೆ ದೀಪ ಯಾಕಣ್ಣ ಹಚ್ಚಿದ್ರಿ?"

ಬೆಂಗಳೂರಿನಿಂದ ಬಂದಿದ್ದ ಪಕ್ಷದ ವೀಕ್ಷಕರು ಕನ್ನಡಕ ತೆಗೆದು, "ಆಣೆ ಮಾಡದಿದ್ರೆ ನಿಮ್ಮ ಅರ್ಜಿ ಇಲ್ಲಿಗೇ ಮುಗೀತಮ್ಮ," ಎಂದರು. ಗೌಡರು ದನಿ ತಗ್ಗಿಸಿದರು. "ಸರ್ವೇಲಿ ನಿನ್ನೆಸ್ರೇ ಮುಂದೈತೆ. ಟಿಕೆಟ್ ನಿಂಗೇ ಬಂದ್ರೆ ಈ ಆಣೆ ಎಲ್ಲೈತೆ?"

ಮುಟ್ಟಬೇಡ ತಾಯಿ ಎಂದು ನಾನು ಒಳಗೊಳಗೇ ಮೊರೆಯಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಮಗನ ಹೆಸರು ಹೇಳಿ ಮುಟ್ಟಿದಳು.

ಟಿಕೆಟ್ ಮರಿಗಂಗಯ್ಯನಿಗೆ ಹೋಯಿತು. ಪಾಲಾಕ್ಷಯ್ಯ ಮಾರನೆಯ ದಿನವೇ ಬಂಡಾಯ ನಿಂತ. ಇನ್ನಿಬ್ಬರು ಎದುರು ಪಕ್ಷ ಸೇರಿದರು. ಇವರ ಮಕ್ಕಳಿಗೆ ಏನಾಗುವುದೋ ಎಂದು ನಾನು ದಿನವೂ ಜೀವ ಕೈಯಲ್ಲಿ ಹಿಡಿದು ಕಿವಿಗೊಡುತ್ತಿದ್ದೆ. ಏನೂ ಆಗಲಿಲ್ಲ. ಪಾಲಾಕ್ಷಯ್ಯನ ಮಗಳ ಮದುವೆಗೆ ಹೋಗಿಬಂದ ಕಚೇರಿಯವರು ಅಲ್ಲಿನ ಹೋಳಿಗೆಯನ್ನು ವಾರವಿಡೀ ಹೊಗಳಿದರು. ಚೆನ್ನಾಜಮ್ಮ ಮಾತ್ರ ಮನೆಮನೆಗೂ ಹೋಗಿ ಮರಿಗಂಗಯ್ಯನಿಗೆ ಓಟು ಕೇಳಿದಳು. ತಮ್ಮನ ಹೆಂಡತಿ ಅವಳನ್ನು ನೋಡಿ ಬಾಗಿಲು ಹಾಕಿಕೊಂಡಳಂತೆ. ಮುಚ್ಚಿದ ಬಾಗಿಲಿಗೂ ಕೈಮುಗಿದು, ಪಕ್ಷದ ಗುರುತು ಹೇಳಿ ಬಂದಳಂತೆ. ಅವಳ ಕಡೆಯ ಊರುಗಳ ಓಟಿನಿಂದಲೇ ಮರಿಗಂಗಯ್ಯ ಗೆದ್ದ. ಕ್ರಷರ್ ಎರಡಾಯಿತು.

ನನಗೆ ಈಗ ವಯಸ್ಸಾಗಿದೆ. ಬಟ್ಟಲು ಸೀಳುಬಿಟ್ಟಿದೆ, ಎಣ್ಣೆ ನಿಲ್ಲುವುದಿಲ್ಲ. ಹರಿದ ಬ್ಯಾನರು, ಕೆಟ್ಟ ಮೈಕುಗಳ ಜೊತೆ ಕಚೇರಿಯ ಉಗ್ರಾಣದಲ್ಲಿ ಬಿದ್ದಿದ್ದೇನೆ. ಮೊದಲು ನನ್ನ ಶಕ್ತಿಗೆ ನಾನೇ ಹೆದರುತ್ತಿದ್ದೆ. ನನಗೆ ಯಾವ ಶಕ್ತಿಯೂ ಇಲ್ಲವೆಂದು ತಿಳಿದ ಮೇಲೆ ಭಯ ಇನ್ನೂ ಹೆಚ್ಚಾಯಿತು. ಶಕ್ತಿಯಿಲ್ಲದ ನನಗೆ ಒಬ್ಬಳು ಹೆದರುತ್ತಿದ್ದಾಳಲ್ಲ.

ಮೊನ್ನೆ ಮಧ್ಯಾಹ್ನ ಚೆನ್ನಾಜಮ್ಮ ಹುಡುಕಿಕೊಂಡು ಬಂದಳು. ಸೊರಗಿದ್ದಳು. ಬ್ಯಾನರುಗಳನ್ನು ಸರಿಸಿ ನನ್ನ ಮುಂದೆ ಕುಳಿತಳು.

"ಗೆಲ್ಸ್ಕೊಟ್ಟಿವ್ನಿ ತಾಯಿ. ಅಲ್ಲಿಗೆ ತೀರ್ತಾ? ನನ್ ಮಗನ್ನ ಬಿಟ್ಬುಡ್ತೀಯಾ?"

ತೀರಿತು ಕಣವ್ವ, ಮೊದಲಿಂದಲೂ ಏನೂ ಇರಲಿಲ್ಲ, ನಾನು ಬರೀ ಹಿತ್ತಾಳೆ, ಮನೆಗೆ ಹೋಗು ಎಂದು ಕೂಗಬೇಕೆನಿಸಿತು. ನನಗೆ ಬಾಯಿಲ್ಲ. ಅವಳು ಬಹಳ ಹೊತ್ತು ಕಾದಳು. ನಾನು ಸುಮ್ಮನಿದ್ದುದಕ್ಕೆ ಏನು ಅರ್ಥ ಮಾಡಿಕೊಂಡಳೋ, ಮುಖ ಬಿಳಿಚಿತು.

"ಆಯ್ತು, ಮುಂದಿನ್ ಸಲಾನೂ ಆವಯ್ಯಂಗೇ ದುಡೀತೀನಿ," ಎಂದು ನನ್ನನ್ನು ಮತ್ತೆ ಮುಟ್ಟಿದಳು.