ರತ್ನಾವತಿ ಆರಿಸಿದ ಸ್ವಿಚ್ಚು

1
ಇದು ನಡೆದದ್ದೇ. ಸುಳ್ಳಾದರೆ ಡೊಂಬಿವಲಿಯಿಂದ ಮುಂಬಯಿಗೆ ಹೋಗುವ ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ ನನಗೆ ಈ ಜನ್ಮದಲ್ಲಿ ಸೀಟು ಸಿಗದಿರಲಿ. ಆದರೆ ಎಲ್ಲಿಂದ ಶುರು ಮಾಡಲಿ? ಮೊದಲು ಸ್ಫೋಟದಿಂದ ಮಾಡಿದ್ದೆ. ಫ್ಯಾಕ್ಟರಿಯ ಕಿಟಕಿ ಗಾಜು ಹಾರಿ ದೂರದ ವಿಠ್ಠಲವಾಡಿಯಲ್ಲೊಬ್ಬರ ಚಹಾದೊಳಗೆ ಬಿತ್ತು ಎಂದು ಬರೆದೆ. ಓದಿ ಹೇಳುತ್ತಿದ್ದಂತೆ ಪಕ್ಕದ ಮನೆಯ ರತ್ನಾವತಿ ತಡೆದರು.

"ಎಂತ ಮಾರಾಯ, ನನ್ನ ಮಗ ಹೋದದ್ದು ನಿನಗೆ ತಮಾಷೆಯಾ?"

ಹರಿದು ಹಾಕಿದೆ.

2
ಅವರ ಮಗ ಸಮಿತ್ ಇಲ್ಲಿಯ ಕೆಮಿಕಲ್ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಬಿಸಿ ಹೆಚ್ಚಾದರೆ ಸಿಡಿಯುವ ಪೆರಾಕ್ಸೈಡ್ ಹಾಕಿ ಕಾಯಿಸುವ ದೊಡ್ಡ ರಿಯಾಕ್ಟರ್ ಒಂದು ದಿನ ಕೈಮೀರಿ ಬಿಸಿಯಾಯಿತು. ಎಲ್ಲ ಸ್ವಿಚ್ಚುಗಳನ್ನೂ ಆರಿಸಿದರು. ಅದು ನಿಲ್ಲಲಿಲ್ಲ. ಸಮಿತ್ ಮನೆಗೆ ಬರಲಿಲ್ಲ. ಆಮೇಲೆ ಅಲ್ಲಿ ಹೊಸ ರಿಯಾಕ್ಟರ್ ಬಂತು, ಪೆರಾಕ್ಸೈಡ್ ಅದೇ. ಅವನ ತಂಗಿ ಅಶ್ಮಿತಾ ಈಗ ಅಲ್ಲಿಯ ಲ್ಯಾಬಿನಲ್ಲಿದ್ದಾಳೆ. ಪೆರಾಕ್ಸೈಡ್ ಇಲ್ಲದೆ, ಬರೀ ಕರೆಂಟಿನಿಂದ ಅದೇ ಮಾಲು ಮಾಡಿ ತೋರಿಸಿದರೆ ರಿಯಾಕ್ಟರ್ ತೆಗೆಸುತ್ತೇನೆಂದು ಫ್ಯಾಕ್ಟರಿ ಮಾಲೀಕ ಶೇಟ್ ಮಾತು ಕೊಟ್ಟಿದ್ದಾರೆ.

(ಕೆಮಿಸ್ಟ್ರಿ ನನಗೆ ಬಾರದು. ಅವಳು ಹೇಳಿದ್ದು ಇಷ್ಟು: ಕಚ್ಚಾ ಮಾಲಿಗೆ ಅಂಟಿ ಕುಳಿತ ಹೈಡ್ರೋಜನ್ ಪರಮಾಣುವನ್ನು ಕೆಟಲಿಸ್ಟ್ ಎಂಬ ವೇಗವರ್ಧಕ ಎಳೆದುಕೊಳ್ಳುತ್ತದೆ. ಕರೆಂಟ್ ಅದರ ಕೈ ಖಾಲಿ ಮಾಡುತ್ತದೆ. ಅದು ಮತ್ತೊಂದನ್ನು ಎಳೆಯುತ್ತದೆ. ಕಲ್ಯಾಣ ಸ್ಟೇಷನ್ನಿನಲ್ಲಿ ರೈಲಿನ ಬಾಗಿಲ ಬಳಿ ನಿಂತವನು ಒಬ್ಬೊಬ್ಬರನ್ನೇ ಎಳೆದು ಪ್ಲಾಟ್‌ಫಾರ್ಮಿಗೆ ಬಿಟ್ಟ ಹಾಗೆ.)

4
(ಮೂರರಲ್ಲಿ ಪ್ರೇಮಕಥೆ ತುರುಕಿದ್ದೆ. ಅಶ್ಮಿತಾ ಡಿಲೀಟ್ ಮಾಡಿಸಿದಳು.)

ಆಯುಧಪೂಜೆ. ಮನೆಯವರನ್ನೂ ಫ್ಯಾಕ್ಟರಿಗೆ ಕರೆದಿದ್ದರು. ಲ್ಯಾಬಿನಲ್ಲಿ ಅಶ್ಮಿತಾಳ ಕರೆಂಟಿನ ಗಾಜಿನ ಪಾತ್ರೆ ಬೆಳಗಿನಿಂದ ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಅವಳು ಶೇಟ್‌ರನ್ನು ಕರೆತರಲು ಹೋದಾಗ ರತ್ನಾವತಿ ಕುಂಕುಮ, ಗೊಂಡೆ ಹೂವು ಹಿಡಿದು ಒಳಬಂದರು. ಈ ದಿನ ಯಂತ್ರಕ್ಕೆ ಕೆಲಸ ಕೊಡುವುದುಂಟೇ? ಮನೆಯ ಗ್ರೈಂಡರಿಗೂ ಇವತ್ತು ರಜೆ. ಸ್ವಿಚ್ಚು ಆರಿಸಿ, ಹೂವಿಟ್ಟು ಕೈಮುಗಿದರು.

"ಅಮ್ಮಾ! ಬಂದ್ ಕ್ಯೂಂ ಕಿಯಾ? ಯಾಕೆ ಆರಿಸಿದ್ದು? ಶೇಟ್ ಬಂದ್ರು, ಅರ್ಧ ಮಾಲೂ ಆಗಿಲ್ಲ!"

ರತ್ನಾವತಿ ನೋಡಿದರು. ಗುಳ್ಳೆ ಇಲ್ಲ. ಪಾತ್ರೆಗೆ ಅಂಗೈ ಒತ್ತಿದರು. ತಣ್ಣಗಿತ್ತು.

"ಆರಿಸಿದ್ರೆ ಇದು ನಿಲ್ತದಾ ಮಗಾ?"

"ನಿಲ್ತದೆ. ಕರೆಂಟ್ ಇಲ್ದೆ ಅದರ ಕೈ ಖಾಲಿ ಆಗೂದಿಲ್ಲ."

"ಅವತ್ತಿನದು ನಿಲ್ಲಲಿಲ್ಲ."

ಬಾಗಿಲಲ್ಲಿದ್ದ ಶೇಟ್ ಚಪ್ಪಲಿ ಕಳಚಿದರು.

5
ಮುಕ್ತಾಯ ಒಂದು: ಶೇಟ್ ರಿಯಾಕ್ಟರ್ ತೆಗೆಸಿದರು.
ಮುಕ್ತಾಯ ಎರಡು: "ಪೂರಾ ಮಾಲು ತೋರಿಸು" ಎಂದು ಹೊರಟುಹೋದರು.

ಎರಡನ್ನೂ ರತ್ನಾವತಿಗೆ ಓದಿ ಹೇಳಿದೆ.

"ನೀನು ಬರೆದ್ರೆ ಆಗ್ತದಾ? ರಿಯಾಕ್ಟರ್ ಇನ್ನೂ ಅಲ್ಲೇ ಉಂಟು. ಸ್ವಿಚ್ಚು ಹಾಕು, ಮಾಲು ಪೂರಾ ಆಗ್ಲಿ. ದೇವರಿಗೆ ನಾನು ಹೇಳ್ತೇನೆ."

ಮೂರನೆಯ ಮುಕ್ತಾಯ ನನ್ನಿಂದ ಬರೆಯಲಾಗದು. ಇಷ್ಟು ಹೊತ್ತು ಆರಾಮಾಗಿ ಕೂತು ಕಥೆ ಕೇಳಿದಿರಲ್ಲ, ಏಳಿ. ಆ ಹೂವು ಸರಿಸಿ, ನೀವೇ ಒತ್ತಿ. ಶೇಟ್ ಇನ್ನೂ ಬಾಗಿಲಲ್ಲೇ ಇದ್ದಾರೆ.