ನೆಟ್ಟಗೆ ಕೂರುವ ಅರ್ಧ ಗಂಟೆ

ಮಾತ್ರೆ ಗಂಟಲಲ್ಲೇ ಎಲ್ಲೋ ನಿಂತ ಹಾಗಿದೆ, ಇನ್ನೊಂದು ಗುಟುಕು ನೀರು, ಹೂಂ, ಇಳಿಯಿತು, ಇನ್ನು ಅರ್ಧ ಗಂಟೆ ಬಗ್ಗುವ ಹಾಗಿಲ್ಲ, ಮಲಗುವ ಹಾಗಿಲ್ಲ, ಒಂದು ಗುಟುಕು ಚಹಾ ಕೇಳುವ ಹಾಗಿಲ್ಲ — ವಾರಕ್ಕೊಂದು ಮಾತ್ರೆ, ಖಾಲಿ ಹೊಟ್ಟೆಗೆ, ಲೋಟದ ತುಂಬ ನೀರಿನ ಜೊತೆ, ಆಮೇಲೆ ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ಅದು ಮೇಲಕ್ಕೆ ಬಂದು ಅನ್ನನಾಳ ಸುಡುತ್ತದೆ ಅಂದಿದ್ದಾರೆ ಮೂಳೆ ಡಾಕ್ಟರು, ಎಲುಬು ಗಟ್ಟಿ ಮಾಡುವ ಮಾತ್ರೆಗೆ ಗಂಟಲಿನ ಮೇಲೆ ಯಾಕಪ್ಪ ಇಷ್ಟು ಸಿಟ್ಟು. ಮನೆಯಲ್ಲಿ ಕೂತರೆ ಮೈ ಒಂದು ಕಡೆಗೆ ವಾಲುತ್ತದೆ, ಅದಕ್ಕೇ ಅಂಗಡಿಗೆ ಬಂದು, ನನ್ನದೇ ಸಲೂನಿನಲ್ಲಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಬೊಂಬೆಯ ಹಾಗೆ ಕೂತಿದ್ದೇನೆ, ನೆಟ್ಟಗೆ ಕೂತ್ಕೊಳ್ಳಿ ಸಾರ್, ಸ್ವಲ್ಪ ಅಲ್ಲಾಡಬೇಡಿ ಸಾರ್, ಜೀವಮಾನವಿಡೀ ಊರಿಗೆಲ್ಲ ಹೇಳಿದ್ದು ಈಗ ನನ್ನ ತಲೆಗೇ ಬಂತು. ಕನ್ನಡಿಯೊಳಗೆ ಒಬ್ಬ ಕುಳ್ಳ ಕೂತಿದ್ದಾನೆ, ಬೆನ್ನು ಕುಸಿದು ಕುತ್ತಿಗೆ ಭುಜದೊಳಕ್ಕೆ ಇಳಿದಿದೆ, ಮುಖ ಮಾತ್ರ ದುಂಡಗೆ ಊದಿಕೊಂಡು ಚೆನ್ನಾಗಿ ಉಂಡು ತಿಂದವನ ಹಾಗೆ, ನೋಡಿದವರು ಏನು ಕಮ್ಮಿಯಪ್ಪ ಇವನಿಗೆ ಅನ್ನಬೇಕು. ಅವನ ಹಿಂದೆ ಮಗಳು ಕತ್ತರಿ ಒರೆಸುತ್ತಿದ್ದಾಳೆ, ಬಟ್ಟಲಲ್ಲಿ ಬ್ರಷ್ಷು ಅದ್ದುತ್ತಿದ್ದಾಳೆ, ಎಷ್ಟೋ ದಿನದ ಮೇಲೆ ತುಂಡು ತೋಳಿನ ಅಂಗಿ ಹಾಕಿದ್ದಾಳೆ, ಟವೆಲ್ ಕೊಡವಿದಾಗ ಮೊಣಕೈ ಮೇಲೇಳುತ್ತದೆ, ಒಳ್ಳೆಯದೇ ಆಯಿತು, ಈ ಸೆಕೆಯಲ್ಲಿ ಉದ್ದ ತೋಳು ಹಾಕಿಕೊಂಡು ಬೇಯುತ್ತಿದ್ದಳು ಪಾಪ.

ಉದ್ದ ತೋಳು ಹಾಕಿ ಬೇಯುವುದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನನಗೂ ಮೊದಲು ಮೊಣಕೈಯಲ್ಲೇ ಶುರುವಾದದ್ದು, ಕೆಂಪಗೆ ದಪ್ಪಗೆ ಒಂದು ಕಲೆ, ಮೇಲೆ ಬೆಳ್ಳಗೆ ಹೊಟ್ಟು, ಕೆರೆದರೆ ಉದುರುತ್ತಿತ್ತು, ಆಮೇಲೆ ಅಂಗೈಗೆ ಬಂತು, ಬೆರಳ ಸಂದಿಗೆ ಬಂತು, ಇದು ಅಂಟುವ ಕಾಯಿಲೆ ಅಲ್ಲ ಸಾರ್ ಎಂದು ಗೋಗರೆದರೂ ಯಾರು ಕೇಳುತ್ತಾರೆ, ನನ್ನ ಕೈ ಇರುವುದು ಅವರ ಗಂಟಲಿನ ಮೇಲೆ ತಾನೆ. ಅಂಚೆ ಕಚೇರಿಯ ಗುಮಾಸ್ತ, ದೊಡ್ಡ ಗಡ್ಡದವನು, ಅವನ ಎದೆಯ ಮೇಲೆ ಹೊದಿಸಿದ್ದ ಕಪ್ಪು ಬಟ್ಟೆಯ ಮೇಲೆ ನನ್ನ ಚರ್ಮದ ಒಂದು ಚೂರು ಬಿತ್ತು, ಅವನು ಬೆರಳ ತುದಿಯಿಂದ ಅದನ್ನು ಹಾರಿಸಿ, ಅರ್ಧ ಗಡ್ಡ ಹಾಗೇ ಇಟ್ಟುಕೊಂಡು ಎದ್ದು ಹೋದ. ಚರ್ಮದ ಡಾಕ್ಟರು ಡಾಂಬರಿನ ವಾಸನೆಯ ಮುಲಾಮು ಬರೆದುಕೊಟ್ಟರು, ನಿಧಾನಕ್ಕೆ ಹೋಗುತ್ತೆ, ತಾಳ್ಮೆ ಬೇಕು ಅಂದರು, ತಾಳ್ಮೆ ನನ್ನ ಹತ್ತಿರ ಬೇಕಾದಷ್ಟಿತ್ತು, ಗಿರಾಕಿಗಳ ಹತ್ತಿರ ಇರಲಿಲ್ಲ. ಆಗ ಭಾವ, ನನ್ನ ಹೆಂಡತಿಯ ಅಣ್ಣ, ಸ್ವಂತ ಮೆಡಿಕಲ್ ಶಾಪ್ ಇದೆಯಲ್ಲ, ಏನಯ್ಯ ಮನೆಯಲ್ಲೇ ಔಷಧಿ ಇಟ್ಕೊಂಡು ಊರೆಲ್ಲ ಅಲೀತೀಯಲ್ಲ ಎಂದು ಬೈದು, ಪುಟಾಣಿ ಬಿಳಿ ಮಾತ್ರೆ ಕೊಟ್ಟ, ವಾರದೊಳಗೆ ಕೈ ಎಷ್ಟು ನುಣುಪಾಯಿತೆಂದರೆ ಹೆಂಡತಿ ಅದನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿ ಅತ್ತಳು, ನಮ್ಮಣ್ಣನ ಕೈಗುಣ ನೋಡಿ ಅಂದಳು, ಕೈಗುಣವೇ ಸರಿ, ಹಸಿವೂ ಬಂತು, ಮೈಗೆ ಕಸುವೂ ಬಂದ ಹಾಗಾಯಿತು, ಬಿಟ್ಟರೆ ಮತ್ತೆ ಎರಡರಷ್ಟು ಉಕ್ಕುತ್ತಿತ್ತು, ಅದಕ್ಕೇ ಬಿಡಲಿಲ್ಲ, ವರ್ಷಗಟ್ಟಲೆ ಬಿಡಲಿಲ್ಲ. ಪ್ರೀತಿಯಿಂದ ಕೊಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ, ವಿಷ ಕೊಡುವವನ ಮುಖ ಹಾಗಿರುವುದಿಲ್ಲ, ಅದೇ ಸಂಕಟ, ಬೈಯೋಣವೆಂದರೆ ಬಾಯಿ ಬರುವುದಿಲ್ಲ.

ಗಡಿಯಾರದ ಮುಳ್ಳಿಗೂ ಬೆನ್ನು ಮುರಿದಿರಬೇಕು, ಏಳುವುದೇ ಇಲ್ಲ ಅದು. ನನ್ನದು ಮುರಿದದ್ದು ಒಂದು ಬಾಚಣಿಗೆಗೆ, ಹೌದು, ಕೆಳಗೆ ಬಿದ್ದ ಬಾಚಣಿಗೆ ಎತ್ತಲು ಬಗ್ಗಿದೆ, ಒಳಗೆಲ್ಲೋ ಟಕ್ ಎಂದಿತು, ಉಸಿರು ನಿಂತುಹೋಯಿತು, ಎದುರಿಗಿದ್ದ ಗಿರಾಕಿ ಏನಾಯ್ತಣ್ಣ ಎಂದು ಎದ್ದು ಹಿಡಿದುಕೊಂಡ, ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು, ನನ್ನ ಊದಿದ ಮುಖ, ಮೊಣಕೈಯ ಹಳೇ ಕಲೆ ನೋಡಿದರು, ಬೆನ್ನೆಲುಬು ಒಳಗಿನಿಂದ ಟೊಳ್ಳಾಗಿದೆ, ಚರ್ಮಕ್ಕೆ ಏನಾದ್ರೂ ಮಾತ್ರೆ ತಗೋತಿದ್ರಾ ಅಂದರು, ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಇಲ್ಲ ಡಾಕ್ಟ್ರೇ, ಬರೀ ಮುಲಾಮು ಅಂದಳು, ಭಾವ ಪಕ್ಕದಲ್ಲೇ ನಿಂತು ಫ್ಯಾನು ನೋಡುತ್ತಿದ್ದ. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿ ಮತ್ತೆ ಕೇಳಿದರು, ಆಗ ಬಿಳಿ ಮಾತ್ರೆಯ ವಿಷಯ ಹೇಳಿದೆ, ಅದು ಸ್ಟೀರಾಯ್ಡ್ ಕಣ್ರೀ, ವರ್ಷಗಟ್ಟಲೆ ನುಂಗಿದರೆ ಮೂಳೆ ಕರಗುತ್ತೆ, ಆದ್ರೂ ಒಮ್ಮೆಲೇ ಬಿಡಬೇಡಿ, ಜೀವಕ್ಕೆ ಅಪಾಯ, ಸ್ವಲ್ಪ ಸ್ವಲ್ಪವೇ ಇಳಿಸೋಣ ಅಂದರು, ವಾರಕ್ಕೊಂದರ ಈ ಮಾತ್ರೆ ಬರೆದರು. ಮನೆಗೆ ಬಂದ ಮೇಲೆ ಹೆಂಡತಿ ಬಾಗಿಲು ಹಾಕಿ ನನ್ನೆದುರು ಕೂತಳು, ನಮ್ಮಣ್ಣನ ಹೆಸರು ಎತ್ತಬೇಡಿ, ಡಾಕ್ಟರ ಚೀಟಿ ಇಲ್ಲದೆ ಕೊಟ್ಟದ್ದು ಹೊರಗೆ ಬಿದ್ರೆ ಅಂಗಡಿ ಮುಚ್ಚಿಸ್ತಾರೆ, ನೀವು ಬಚ್ಚಲಲ್ಲಿ ಜಾರಿ ಬಿದ್ರಿ, ಅಷ್ಟೇ. ಅಷ್ಟೇ ಆಯಿತು. ಬೀದಿಯವರಿಗೆ ಬಚ್ಚಲು, ನೆಂಟರಿಗೆ ಬಚ್ಚಲು, ಮಗಳಿಗೂ ಬಚ್ಚಲು, ಎಷ್ಟು ಸಲ ಹೇಳಿದೆವೆಂದರೆ ಒದ್ದೆ ನೆಲ ಕಂಡರೆ ನಾನೇ ಗೋಡೆ ಹಿಡಿದು ನಡೆಯುತ್ತೇನೆ, ಬೀಳದೆ ಇದ್ದವನು. ಕೈ ಮಾತ್ರ ಈಗ ಮತ್ತೆ ಮೊದಲಿನ ಹಾಗೆ, ಹೊಟ್ಟು, ಬಿರುಕು, ರಕ್ತ, ಮುಲಾಮು ಹಚ್ಚಿ ಕೈಗವಸಿನೊಳಗೆ ಮುಚ್ಚಿಟ್ಟಿದ್ದೇನೆ, ಕತ್ತರಿ ಮಗಳ ಕೈಗೆ ಹೋಯಿತು, ನನಗಿಂತ ಚೆನ್ನಾಗಿ ಹಿಡಿಯುತ್ತಾಳೆ, ಆ ಕೈಯನ್ನು ನೋಡಿಕೊಂಡೇ ನಾನು ಬದುಕಿರುವುದು — ಆ ಕೈ, ಟವೆಲ್ ಮಡಚುತ್ತಿರುವ ಕೈ, ಮೊಣಕೈ, ಹೋದ ತಿಂಗಳು ಅಲ್ಲಿ ಕೆಂಪಗೆ ಇತ್ತಲ್ಲ. ಇತ್ತು. ಅವಳಮ್ಮ ನೋಡಿ ಸೊಳ್ಳೆ ಕಚ್ಚಿದ್ದು ಅಂದಳು, ನಾನು ಹೂಂ ಅಂದೆ, ಆದರೆ ನನಗೆ ಗೊತ್ತಾಗದೆ ಇರುತ್ತದೆಯೇ, ದಪ್ಪ, ಅಂಚು ಕಟ್ಟಿದ್ದು, ಮೇಲೆ ಹೊಟ್ಟು, ನನ್ನ ಮೊಣಕೈಯನ್ನೇ ಕಿತ್ತು ಅವಳಿಗೆ ಅಂಟಿಸಿದ ಹಾಗಿತ್ತು, ಈಗ ಒಂದು ಕಲೆಯಿಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದೆ. ಮುಲಾಮಿಗೆ ಇಷ್ಟು ಬೇಗ ಹೋಗುವುದಿಲ್ಲ, ಯಾವ ಮುಲಾಮಿಗೂ ಹೋಗುವುದಿಲ್ಲ.

ಬಾಗಿಲು, ಯಾರೋ ಬಂದರು, ಅದೇ ಗುಮಾಸ್ತ, ಗಡ್ಡ ನೆರೆತಿದೆ, ಮಗಳ ಕೈಗೆ ಬರುತ್ತಾನೆ ಈಗ, ನನ್ನ ಕೈಗೆ ಬರುವುದಿಲ್ಲ, ಏನಣ್ಣ ಬೆನ್ನು ಹೇಗಿದೆ, ಬಚ್ಚಲು ಅಂದ್ರೆ ಹುಷಾರಾಗಿರ್ಬೇಕಪ್ಪ, ಹೌದು ಸಾರ್, ಹೌದು, ಪಕ್ಕದ ಕುರ್ಚಿಯಲ್ಲಿ ಕೂತ, ಮಗಳು ಕಪ್ಪು ಬಟ್ಟೆ ಹೊದಿಸಿದಳು, ಬಿಸಿ ಟವೆಲ್ ಮುಖದ ಮೇಲಿಟ್ಟಳು, ಅವನು ಸುಖವಾಗಿ ಕಣ್ಣು ಮುಚ್ಚಿದ, ಮಗಳೇ, ಸ್ವಲ್ಪ ಬಾ ಇಲ್ಲಿ, ಮೊಣಕೈಗೆ ಏನು ಹಚ್ಚಿದೆ? ಕನ್ನಡಿಯಲ್ಲಿ ಅವಳು ನನ್ನನ್ನೇ ನೋಡಿದಳು, ಬಂದು ಕಿವಿಯ ಹತ್ತಿರ ಬಗ್ಗಿದಳು, ಹಚ್ಚಲಿಲ್ಲಪ್ಪ, ನುಂಗಿದೆ, ಮಾವ ಕೊಟ್ರು. ಅನ್ನನಾಳ ಉರಿಯುತ್ತಿದೆ, ಮಾತ್ರೆಗೋ ಮಾತಿಗೋ ಗೊತ್ತಾಗಲಿಲ್ಲ, ಇರಲಿ, ಹೆಂಡತಿ ಬೈಯಲಿ, ಭಾವನ ಅಂಗಡಿ ಮುಚ್ಚಲಿ, ನಾನು ಬಚ್ಚಲಲ್ಲಿ ಬೀಳ್ಲಿಲ್ಲ ಕಣಮ್ಮ, ಅದೇ ಮಾತ್ರೆ ನನ್ನ ಬೆನ್ನು ತಿಂದಿದ್ದು, ಅಂದೆ, ಕೊನೆಗೂ ಅಂದೆ, ಅಂದಮೇಲೆ ಎಲ್ಲ ನಿಲ್ಲುತ್ತದೆ ಅಂದುಕೊಂಡಿದ್ದೆ, ಅವಳು ಅಳುತ್ತಾಳೆ, ಬೈಯುತ್ತಾಳೆ, ಮಾತ್ರೆ ಎಸೆಯಲು ಓಡುತ್ತಾಳೆ, ನಾನು ತಡೆದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತೆಲ್ಲ. ಅವಳು ನನ್ನ ಕಾಲರ್ ಸರಿಮಾಡಿದಳು. ಗೊತ್ತಪ್ಪ. ಯಾರು ಹೇಳಿದ್ರು? ಯಾರು ಹೇಳ್ಬೇಕು, ಅಮ್ಮ ಬಚ್ಚಲು ಅಂದಾಗೆಲ್ಲ ಮಾವ ತಲೆ ತಗ್ಗಿಸ್ತಾರಲ್ಲ, ನಂಗೇನು ಕಣ್ಣಿಲ್ವಾ. ಮತ್ತೆ ಯಾಕೇ, ಗೊತ್ತಿದ್ದೂ ಯಾಕೇ? ಬೆರಳಿಗೂ ಬರೋಕೆ ಶುರುವಾಗಿತ್ತಪ್ಪ, ಬೆರಳು ಹೀಗಿದ್ರೆ ಯಾರು ಕುತ್ತಿಗೆ ಕೊಡ್ತಾರೆ ಹೇಳಿ, ಅಂದು ಗುಮಾಸ್ತನ ಕಡೆ ಒಮ್ಮೆ ನೋಡಿದಳು, ನಿಮ್ಮ ಬೆನ್ನು ಎಷ್ಟೋ ವರ್ಷ ತಡೀತಲ್ಲ, ನಂಗೂ ಅಷ್ಟು ಸಿಕ್ಕಿದ್ರೆ ಸಾಕು. ಏಳಬೇಕು, ಕೈ ಹಿಡಿಯಬೇಕು, ಕಪಾಳಕ್ಕೆ ಬಿಗಿಯಬೇಕು, ಕಾಲು ಹಿಡಿದು ಬೇಡಬೇಕು, ಬೆನ್ನು ಏಳುವುದಿಲ್ಲ, ಅಲ್ಲಾಡಬೇಡಿ ಅಪ್ಪ, ಇನ್ನೂ ಅರ್ಧ ಗಂಟೆ ಆಗಿಲ್ಲ ಎಂದು ಹೊರಟೇಹೋದಳು, ಟವೆಲ್ ತೆಗೆದಳು, ಗುಮಾಸ್ತ ಗಲ್ಲ ಮೇಲೆತ್ತಿ ಗಂಟಲು ಕೊಟ್ಟ, ರೇಜರ್ ಇಳಿಯುತ್ತಿದೆ, ಎಷ್ಟು ಹಗುರ, ಎಷ್ಟು ನೇರ, ಕಪ್ಪು ಬಟ್ಟೆಯ ಮೇಲೆ ಬರೀ ಕೂದಲು, ಬೇರೇನೂ ಇಲ್ಲ, ಕನ್ನಡಿಯಲ್ಲಿ ಅವಳ ಮೊಣಕೈ ಏಳುತ್ತದೆ, ಇಳಿಯುತ್ತದೆ, ಕಲೆಯಿಲ್ಲ, ಗೆರೆಯಿಲ್ಲ, ನುಣ್ಣಗೆ, ಏಳುತ್ತದೆ — ಮೊಣಕೈ, ನುಣ್ಣಗೆ — ಮೊಣಕೈ —